ಕರಟದಿಂದ ನೀರು ಶುದ್ಧಿ ಮಾಡುವ ಇಂಗಾಲ

ತಿಪಟೂರು, ಅರಸೀಕೆರೆ ಕಡೆ ಉಂಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಕರಟವನ್ನು ಒಲೆಗೆ ಹಾಕಿ ಮುಗಿಸುವುದು ನಷ್ಟವೇ ಸರಿ. ಗಟ್ಟಿಯಾದ, ಬೂದಿ ಕಡಿಮೆ ಇರುವ ಈ ಕರಟದಿಂದ ನೀರಿನ ಬಣ್ಣ, ವಾಸನೆ, ಕ್ಲೋರಿನ್ ಮತ್ತು ಹಲವು ಕೀಟನಾಶಕಗಳನ್ನು ಹಿಡಿದಿಡುವ ಸಕ್ರಿಯ ಇಂಗಾಲ ತಯಾರಾಗುತ್ತದೆ.

ಮೊದಲು ನಾರು, ಮಣ್ಣು ತೆಗೆದು ಕರಟವನ್ನು ಚೆನ್ನಾಗಿ ಒಣಗಿಸಬೇಕು. ತಳದಲ್ಲಿ ಸಣ್ಣ ತೂತುಗಳಿರುವ ಕಬ್ಬಿಣದ ಡ್ರಮ್ಮಿನಲ್ಲಿ ಸ್ವಲ್ಪ ಕರಟಕ್ಕೆ ಬೆಂಕಿ ಹೊತ್ತಿಸಿ, ಅದು ಹಿಡಿದಂತೆಲ್ಲ ಮೇಲೆ ತುಂಬುತ್ತಾ ಹೋಗಬೇಕು. ದಟ್ಟವಾದ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ತೂತುಗಳನ್ನೂ ಮುಚ್ಚಳದ ಅಂಚನ್ನೂ ಹಸಿಮಣ್ಣಿನಿಂದ ಮೆತ್ತಿ, ಡ್ರಮ್ಮು ಪೂರ್ತಿ ತಣ್ಣಗಾಗುವವರೆಗೆ ಬಿಡಬೇಕು; ಆತುರಪಟ್ಟು ತೆರೆದರೆ ಗಾಳಿ ಸೋಕಿ ಇದ್ದಿಲು ಮತ್ತೆ ಹೊತ್ತಿಕೊಳ್ಳುತ್ತದೆ. ಸರಿಯಾಗಿ ಬೆಂದ ಇದ್ದಿಲು ಮುರಿದಾಗ ಹೊಳೆಯುತ್ತದೆ, ಕಲ್ಲಿನ ಮೇಲೆ ಬಿದ್ದರೆ ಲೋಹದಂತೆ ಟಣ್ಣೆನ್ನುತ್ತದೆ. ತೂಕದಲ್ಲಿ ಕರಟದ ಕಾಲು ಭಾಗದಷ್ಟು ಸಿಕ್ಕರೆ ಸಮಾಧಾನಪಡಬಹುದು.

ಇದ್ದಿಲಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅದರೊಳಗಿನ ರಂಧ್ರಗಳು ಇನ್ನೂ ತೆರೆದಿರುವುದಿಲ್ಲ. ಕಾರ್ಖಾನೆಗಳಲ್ಲಿ ಅದನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು ಹಬೆ ಹಾಯಿಸುತ್ತಾರೆ. ಹಬೆಯು ಇಂಗಾಲವನ್ನು ಕೊರೆದು ರಂಧ್ರಗಳನ್ನು ಬಿಡಿಸುತ್ತದೆ. ಹೀಗೆ ಸಿದ್ಧವಾದ ಒಂದು ಗ್ರಾಂ ಇಂಗಾಲದ ಒಳಮೈ ಸುಮಾರು 1000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಹತ್ತು ಗುಂಟೆ ಜಮೀನಿನಷ್ಟು. ಈ ಹಂತದಲ್ಲಿ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹೊರಬರುವುದರಿಂದ ಮನೆಯಲ್ಲಿ ಇದಕ್ಕೆ ಕೈಹಾಕಲೇಬಾರದು. ಕಾಲೇಜು ಪ್ರಯೋಗಾಲಯಗಳಲ್ಲಿ ಸುಡದ ಕರಟದ ಪುಡಿಯನ್ನೇ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಸುಮಾರು 500 ಡಿಗ್ರಿಯಲ್ಲಿ ಕಾಯಿಸಿ, ಆಮ್ಲದ ಸುಳಿವು ಹೋಗುವವರೆಗೆ ತೊಳೆಯುವುದುಂಟು.

ಪರೀಕ್ಷೆ ಸುಲಭ. ಎರಡು ಗಾಜಿನ ಲೋಟಗಳ ನೀರಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಒಂದೊಂದು ಹನಿ ಹಾಕಿ, ಒಂದಕ್ಕೆ ಮಾಮೂಲಿ ಇದ್ದಿಲ ಪುಡಿ, ಇನ್ನೊಂದಕ್ಕೆ ಅಷ್ಟೇ ಸಕ್ರಿಯ ಇಂಗಾಲ ಬೆರೆಸಿ ಕಲಕಿ ಸೋಸಿದರೆ, ಎರಡನೆಯದರ ನೀಲಿ ಹೆಚ್ಚು ಮಾಯವಾಗಿರುತ್ತದೆ.

ಆದರೆ ಪಾವಗಡ, ಕೋಲಾರದ ಕೊಳವೆಬಾವಿಗಳ ಫ್ಲೋರೈಡನ್ನು ಇದು ಸಾಕಷ್ಟು ತೆಗೆಯುವುದಿಲ್ಲ. ನೀರಿನ ಗಡಸುತನವಾಗಲಿ ನೈಟ್ರೇಟಾಗಲಿ ಕೂಡ ಇದಕ್ಕೆ ಬಗ್ಗುವುದಿಲ್ಲ. ರೋಗಾಣುಗಳು ಇದರಲ್ಲೇ ನೆಲೆಸಿ ಬೆಳೆಯಬಹುದಾದ್ದರಿಂದ ಸೋಸಿದ ನೀರನ್ನು ಕುದಿಸಿಯೇ ಕುಡಿಯಬೇಕು. ರಂಧ್ರ ತುಂಬಿದ ಇಂಗಾಲವನ್ನು ಕಾಲಕಾಲಕ್ಕೆ ಬದಲಿಸಬೇಕು. ಬಣ್ಣ ಅಥವಾ ಕೀಟನಾಶಕ ಹೀರಿದ ಇಂಗಾಲವನ್ನು ತಿಪ್ಪೆಗೂ ತೋಟಕ್ಕೂ ಸುರಿಯಬಾರದು.