ಟ್ಯಾಪೆಟ್ ಕವರ್‌ಗೆ ಪೇಂಟ್ ಹೊಡೆಯೋ ಮುಂಚೆ
ಎಂಜಿನ್ ಮೇಲ್ಭಾಗ ಮುಚ್ಚುವ ಅಲ್ಯೂಮಿನಿಯಂ ಟ್ಯಾಪೆಟ್ ಕವರ್ ಬಿಚ್ಚಿದ ತಕ್ಷಣ ಎಮರಿ ಪೇಪರ್ ಹಿಡಿಯಬೇಡಿ. ಮೊದಲು ಜಿಡ್ಡು ತೆಗೆಯುವ ಡೀಗ್ರೀಸರ್ ಹಾಕಿ, ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಜಿಡ್ಡಿನ ಮೇಲೆಯೇ ಉಜ್ಜಿದರೆ ಅದು ಗೀರುಗಳ ಒಳಗೆ ಇಳಿಯುತ್ತದೆ, ಆಮೇಲೆ ಪೇಂಟ್ ಅಲ್ಲಲ್ಲಿ ಗುಳಿ ಬೀಳುತ್ತದೆ.

ಹಳೇ ಪೇಂಟ್ ತೆಗೆಯಲು 180 ನಂಬರ್ ಎಮರಿ ಪೇಪರ್, ನಂತರ 320. ಅಷ್ಟು ಸಾಕು. ಇನ್ನೂ ನುಣುಪು ಮಾಡಿದರೆ ಪ್ರೈಮರ್‌ಗೆ ಹಿಡಿತ ಸಿಗುವುದಿಲ್ಲ. ಬೋಲ್ಟ್ ತೂತಿನ ಸುತ್ತ, ಉಬ್ಬು ಅಕ್ಷರಗಳ ಸಂದಿಯಲ್ಲಿ ಪೇಪರ್ ಮಡಚಿ ಉಜ್ಜಿ. ಪೇಂಟ್ ಏಳೋದು ಜಾಸ್ತಿ ಅಲ್ಲಿಂದಲೇ.

ಗ್ಯಾಸ್ಕೆಟ್ (ಆಯಿಲ್ ಸೋರದಂತೆ ನಡುವೆ ಇಡುವ ಪಟ್ಟಿ) ಕೂರುವ ಅಂಚಿಗೆ ಮಾತ್ರ ಟೇಪ್ ಅಂಟಿಸಿಬಿಡಿ. ಅಲ್ಲಿ ಗೀರು ಬಿದ್ದರೆ ಆಯಿಲ್ ಸೋರುತ್ತದೆ. ಒಳಭಾಗದಲ್ಲಿ ಉಜ್ಜಿದ ಪುಡಿ ಒಂದು ಚೂರೂ ಉಳಿಯಬಾರದು, ಅದು ಆಯಿಲ್ ಜೊತೆ ಬೇರಿಂಗ್‌ವರೆಗೂ ಹೋಗುತ್ತದೆ.

ಥಿನ್ನರ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ರೈಮರ್, ಪೇಂಟ್ ಎರಡೂ ಬಿಸಿ ತಡೆಯುವಂಥವೇ ಇರಲಿ.