34ನೇ ವಯಸ್ಸಿನಲ್ಲಿ ಮತ್ತೆ ಕೆಮಿಸ್ಟ್ರಿ ಲ್ಯಾಬಿಗೆ

ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದೆ. ಆಗಲೇ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಸೇರಿದ್ದರೆ ಐದಾರು ವರ್ಷಕ್ಕೆ ಕೆಲಸ ಮುಗಿಯುತ್ತಿತ್ತು. "ದನದ ಡಾಕ್ಟ್ರಾ?" ಎಂದು ಮನೆಯಲ್ಲಿ ಮೂಗು ಮುರಿದರು, ನಾನೂ ಹಟ ಹಿಡಿಯಲಿಲ್ಲ. ಕಂಪ್ಯೂಟರ್ ಸೈನ್ಸ್ ಬಿಇ ಆಯಿತು, ಮದುವೆ ಆಯಿತು, ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದದ್ದೂ ಆಯಿತು. ಹಳೇ ಆಸೆ ಮತ್ತೆ ತಲೆಯೆತ್ತಿದಾಗ ನನಗೆ 34.

ಅಮೆರಿಕದಲ್ಲಿ ಪಶುವೈದ್ಯರಾಗಲು ಡಿವಿಎಂ ಎಂಬ 4 ವರ್ಷದ ಡಿಗ್ರಿ ಓದಬೇಕು. ಅದಕ್ಕೂ ಮೊದಲು ಕಾಲೇಜು ಮಟ್ಟದಲ್ಲಿ ಒಂದಿಷ್ಟು ವಿಷಯ ಪಾಸಾಗಿರಬೇಕು. ಎಲ್ಲರೂ 'ಪ್ರೀ-ವೆಟ್' ಎನ್ನುವುದು ಇದಕ್ಕೇ. ನಾನು ಅದನ್ನು ಒಂದು ಡಿಗ್ರಿ ಎಂದುಕೊಂಡಿದ್ದೆ, ನೋಡಿದರೆ ಬರೀ ಒಂದು ಪಟ್ಟಿ. ನಾನು ಕಣ್ಣಿಟ್ಟಿದ್ದ ಯುಸಿ ಡೇವಿಸ್ ವಿಶ್ವವಿದ್ಯಾಲಯ ಕೇಳುತ್ತಿದ್ದದ್ದು ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ, ಸ್ಟಾಟಿಸ್ಟಿಕ್ಸ್. ಅವುಗಳ ಮೇಲೆ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಫಿಸಿಯಾಲಜಿ. ಬಿಇ ಮೊದಲ ವರ್ಷದ ಕೆಮಿಸ್ಟ್ರಿ ಎಣಿಕೆಗೆ ಬರಲಿಲ್ಲ.

ದುಡ್ಡಿನ ಚಿಂತೆ ಅಷ್ಟಾಗಿ ಇರಲಿಲ್ಲ. ಈ ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರೂರಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಒಂದು ಯೂನಿಟ್ಟಿಗೆ 46 ಡಾಲರ್, ಎಚ್-4ನವರಿಗೂ ಆ ದರ ಸಿಗುತ್ತದೆ. ಲ್ಯಾಬ್ ಇರುವ 5 ಯೂನಿಟ್ಟಿನ ಕೋರ್ಸಿಗೆ 230 ಡಾಲರ್. ನನ್ನನ್ನು ಸುಸ್ತು ಹೊಡೆಸಿದ್ದು ಸಮಯ.

ಮೊದಲ ಸೆಮಿಸ್ಟರಿನಲ್ಲೇ ಎಡವಿದೆ. ಕೆಮಿಸ್ಟ್ರಿ ಕಂಡರೆ ಭಯ, ಅದಕ್ಕೇ ಇಂಗ್ಲಿಷ್ ಮತ್ತು ಬಯಾಲಜಿ ತೆಗೆದುಕೊಂಡು ಕೆಮಿಸ್ಟ್ರಿಯನ್ನು ಮುಂದೂಡಿದೆ. ಆದರೆ ಆ ಪಟ್ಟಿಯಲ್ಲಿ ಕೆಮಿಸ್ಟ್ರಿ ಒಂದೇ ಉದ್ದನೆಯ ಸರಪಳಿ. ಜನರಲ್ 1 ಆಗದೆ ಜನರಲ್ 2 ಇಲ್ಲ, ಅದಾಗದೆ ಆರ್ಗ್ಯಾನಿಕ್ 1 ಇಲ್ಲ, ಆಮೇಲೆ ಆರ್ಗ್ಯಾನಿಕ್ 2, ಕೊನೆಗೆ ಬಯೋಕೆಮಿಸ್ಟ್ರಿ. ಐದು ಕೊಂಡಿ, ಒಂದನ್ನೂ ಜೊತೆಜೊತೆಗೆ ಮುಗಿಸುವಂತಿಲ್ಲ. ಉಳಿದ ವಿಷಯಗಳನ್ನು ಎಲ್ಲಿ ಬೇಕಾದರೂ ತುರುಕಬಹುದು. ಯಾರಾದರೂ ಕೇಳಿದರೆ ಮೊದಲ ದಿನವೇ ಕೆಮಿಸ್ಟ್ರಿಗೆ ಹೆಸರು ಹಚ್ಚಿ ಎನ್ನುತ್ತೇನೆ, ಬೇರೆ ಏನೂ ತೆಗೆದುಕೊಳ್ಳದಿದ್ದರೂ ಸರಿ.

ಕಳೆದ ಸಮಯವನ್ನು ಹಿಡಿಯಲು ಜನರಲ್ 2 ಅನ್ನು ಬೇಸಿಗೆಯ 8 ವಾರದಲ್ಲಿ ಓಡಿಓಡಿ ಮುಗಿಸಿದೆ. ಅದರ ಫಲ ಆರ್ಗ್ಯಾನಿಕ್‌ನಲ್ಲಿ ಸಿಕ್ಕಿತು. ಬಿಇಯಲ್ಲಿ ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ದಾಟಿದವಳು ಇಲ್ಲೂ ರಿಯಾಕ್ಷನ್‌ಗಳನ್ನು ಉರುಹೊಡೆದೆ. ಮೊದಲ ಮಿಡ್‌ಟರ್ಮಿನಲ್ಲಿ ನೂರಕ್ಕೆ 52. ಇಲ್ಲಿನ ಬಹುತೇಕ ವೆಟರ್ನರಿ ಕಾಲೇಜುಗಳಿಗೆ ಅರ್ಜಿ ಹೋಗುವುದು ವಿಎಂಕ್ಯಾಸ್ ಎಂಬ ಒಂದೇ ಕಿಂಡಿಯಲ್ಲಿ. ಅಲ್ಲಿ ಮತ್ತೆ ಬರೆದು ಎ ತೆಗೆದರೂ ಹಳೇ ಗ್ರೇಡ್ ಅಳಿಸಿಹೋಗುವುದಿಲ್ಲ, ಎರಡೂ ಸೇರಿಯೇ ಸರಾಸರಿ. ಹಾಗಾಗಿ ಗಡುವಿನೊಳಗೆ ಕೋರ್ಸ್ ಬಿಟ್ಟು, ಗ್ರೇಡಿನ ಬದಲು 'ಡಬ್ಲ್ಯೂ' (ವಿತ್‌ಡ್ರಾ) ಹಾಕಿಸಿಕೊಂಡೆ. ನಮ್ಮ ಕಾಲೇಜಿನಲ್ಲಿ ಆರ್ಗ್ಯಾನಿಕ್ 1 ಶುರುವಾಗುವುದು ಆಗಸ್ಟಿನಲ್ಲಿ ಮಾತ್ರ. ಒಂದಿಡೀ ವರ್ಷ ಹೋಯಿತು. ಆ ರಾತ್ರಿ ಅತ್ತೆ ಸಾರು ಬಿಸಿ ಮಾಡಿಕೊಟ್ಟರು, ಏನೂ ಕೇಳಲಿಲ್ಲ.

ಎರಡನೇ ಸಲ ಮಗನ ವೈಟ್‌ಬೋರ್ಡು ಕಸಿದುಕೊಂಡೆ. ಎಲೆಕ್ಟ್ರಾನು ಎಲ್ಲಿ ಹೆಚ್ಚಿದೆ, ಎಲ್ಲಿ ಕೊರತೆಯಿದೆ ಅಂತ ಮೊದಲು ಗುರುತು ಹಾಕುವುದು, ಹೆಚ್ಚಿರುವ ಕಡೆಯಿಂದ ಕೊರತೆಯ ಕಡೆಗೆ ಬಾಣ ಎಳೆಯುವುದು. ಪುಸ್ತಕ ಮುಚ್ಚಿ, ಪ್ರತಿ ರಿಯಾಕ್ಷನ್ನನ್ನೂ ಹೀಗೇ. ಎಸ್‌ಎನ್1, ಎಸ್‌ಎನ್2 ಎಂಬ ರಿಯಾಕ್ಷನ್ ಬಗೆಗಳು ಅಂದರೆ ಮೈ ಉರಿಯುತ್ತಿದ್ದವಳಿಗೆ ನಾಲ್ಕನೇ ವಾರದಲ್ಲಿ ಮುಂದಿನ ಹೆಜ್ಜೆ ತಾನಾಗೇ ಕಾಣತೊಡಗಿತು. ಎ ಬಂತು.

ಕಾದ ಆ ವರ್ಷವನ್ನು ಅನುಭವದ ಗಂಟೆಗಳಿಗೆ ಕೊಟ್ಟೆ. ವಿಎಂಕ್ಯಾಸ್ ಎರಡು ಲೆಕ್ಕ ಇಡುತ್ತದೆ: ಪಶುವೈದ್ಯರ ಕೈಕೆಳಗೆ ಮಾಡಿದ್ದು ಒಂದು, ಸುಮ್ಮನೆ ಪ್ರಾಣಿಗಳ ಜೊತೆ ಇದ್ದದ್ದು ಇನ್ನೊಂದು. ಹತ್ತು ವರ್ಷದವಳಿದ್ದಾಗಿನಿಂದ ಹಾಲು ಕರೆದಿದ್ದೇನೆ, ಸಗಣಿ ಬಾಚಿದ್ದೇನೆ ಎಂದರೆ, ಕೌನ್ಸೆಲರ್ ನಕ್ಕು ಹೈಸ್ಕೂಲಿನ ಆಮೇಲಿನದ್ದನ್ನಷ್ಟೇ ಬರೆಯಿರಿ ಎಂದರು. ನಾಯಿ-ಬೆಕ್ಕಿನ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ನಿಂತೆ. ಶನಿವಾರಗಳಲ್ಲಿ ಮೊಡೆಸ್ಟೊ ಕಡೆಯ ಡೈರಿಗಳಿಗೆ ಹೋಗುವ ವೈದ್ಯೆಯೊಬ್ಬರ ಪಿಕಪ್ಪಿನಲ್ಲಿ ಕೂತೆ. ಕೆಲವು ಹಸುಗಳ ಎಡಪಕ್ಕೆಗೆ ಸ್ಟೆಥೋಸ್ಕೋಪ್ ಇಟ್ಟು ಬೆರಳಿಂದ ಚಿಟಿಕೆ ಹೊಡೆದರೆ ಖಾಲಿ ಕೊಡದಂತೆ 'ಟಣ್' ಎನ್ನುತ್ತದೆ. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ನಾಲ್ಕನೆಯದು ಗಾಳಿ ತುಂಬಿ ಜಾಗ ಬಿಟ್ಟಿದೆ ಎಂದು ಸಾಮಾನ್ಯವಾಗಿ ಅದರರ್ಥ. ಆ ಸದ್ದು ಮೊದಲ ಸಲ ಕೇಳಿಸಿದ ದಿನ ಮನೆಗೆ ಬಂದು ಎಲ್ಲರ ತಲೆ ತಿಂದೆ.

ಈ ಸೆಪ್ಟೆಂಬರಿನಲ್ಲಿ ಅರ್ಜಿ ಹೋಯಿತು. ಬಯೋಕೆಮಿಸ್ಟ್ರಿ ಈಗ ನಡೆಯುತ್ತಿದೆ. ಕ್ಲಾಸಿನಲ್ಲಿ ಬಹುಪಾಲು ಮೆಡಿಕಲ್ಲಿಗೆ ಹೋಗುವ ಹುಡುಗರು. ಗ್ಲುಕೋನಿಯೋಜೆನೆಸಿಸ್, ಅಂದರೆ ಮೈ ತಾನೇ ಹೊಸದಾಗಿ ಗ್ಲುಕೋಸ್ ತಯಾರಿಸುವ ಪಾಠದಲ್ಲಿ ಹಸುವಿಗೆ ಸಿಕ್ಕಿದ್ದು ಒಂದೇ ಸ್ಲೈಡ್. ಹಸು ತಿಂದ ಹಿಟ್ಟು, ಸಕ್ಕರೆಯ ಬಹುಪಾಲನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಹುದುಗಿಸಿಬಿಡುತ್ತವೆ. ಹಸುವಿಗೆ ಬೇಕಾದ ಗ್ಲುಕೋಸನ್ನು ಅದರ ಲಿವರ್, ಮುಖ್ಯವಾಗಿ ಆ ಹುದುಗಿನಲ್ಲಿ ಹುಟ್ಟುವ ಪ್ರೊಪಿಯೋನೇಟಿನಿಂದ, ತಾನೇ ತಯಾರಿಸಬೇಕು. ಕರು ಹಾಕಿದ ಹೊಸದರಲ್ಲಿ ಹಾಲಿಗೆ ಹೋಗುವ ಸಕ್ಕರೆಗೆ ಈ ತಯಾರಿ ಸಾಲದೆ, ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಹೆಚ್ಚುವ ಕೀಟೋಸಿಸ್ ಆಗುತ್ತದೆ. ಡೈರಿಯಲ್ಲಿ ಅಂಥ ಹಸುಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವುದನ್ನು ನೋಡಿದ್ದೆ. ಅದೂ ಲಿವರಿಗೆ ಗ್ಲುಕೋಸ್ ಮಾಡಲು ಸರಕು ಎಂದು ತಿಳಿದದ್ದು ಆ ಸ್ಲೈಡಿನಲ್ಲಿ.

ಹೋದ ವಾರ ಊರಿಂದ ಅಮ್ಮ ಫೋನ್ ಮಾಡಿದ್ದಳು. "ಗೌರಿ ಕರು ಹಾಕಿ ಎರಡು ವಾರ ಆಯ್ತು ಕಣೇ, ಹಿಂಡಿ ಮುಟ್ತಿಲ್ಲ, ಹಾಲೂ ಇಳೀತು. ನಿಮ್ಮಜ್ಜಿ ಮಾಡ್ತಿದ್ದಂಗೆ ಗೊಟ್ಟದಲ್ಲಿ ಬೆಲ್ಲದ ನೀರು ಕುಡಿಸ್ಲಾ?"

"ಬೆಲ್ಲ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಪಾಲಾಗುತ್ತಮ್ಮ. ಡಾಕ್ಟರನ್ನ ಕರೆಸು. ಕೀಟೋಸಿಸ್ ಇರಬಹುದು, ಗ್ಲುಕೋಸ್ ನರಕ್ಕೇ ಹಾಕ್ತಾರೆ."

"ನೀನಿನ್ನೂ ಡಾಕ್ಟ್ರಾಗಿಲ್ವಲ್ಲ?"

"ಇಲ್ಲಮ್ಮ. ಅದಕ್ಕೇ ಡಾಕ್ಟರನ್ನ ಕರೆಸು ಅಂದಿದ್ದು."