ಗೋವಾಕ್ಕ ಬೋಟ್ ಮಾಲೀಕರ ಗೆಟ್‌ಟುಗೆದರ್‌ಗೆ ಹೊಂಟವ್ರಿಗೆ ಒಂದೆರಡ ಮಾತು

ನಮಸ್ಕಾರ್ರಿ, ಕ್ರೂಸಿಂಗ್ ಬೋಟ್ (ಒಳಗ ಉಳ್ಕೊಂಡು ದಿನಗಟ್ಟಲೆ ತಿರುಗಾಡೂ ಬೋಟ್) ಇಟ್ಟವ್ರು ಕೂಡೂ ಕಡೆ ಹುಬ್ಬಳ್ಳಿಯಿಂದ ಮೊದಲ್ನೇ ಸಲ ಹೊಂಟಿದ್ರ ಗಟ್ಟಿ ಸೂಟ್‌ಕೇಸ್ ಬ್ಯಾಡ್ರಿ, ಮಡಚಾಕ ಬರೂ ಬಟ್ಟಿ ಬ್ಯಾಗ್ ಒಯ್ರಿ, ಬೋಟಿನ ಒಳಗ ಜಾಗಾ ಭಾಳ ಕಮ್ಮಿ. ಯಾರ ಬೋಟ್ ಇರ್ಲಿ, "ಬರ್ಲ್ಯಾರೀ ಒಳಗ?" ಅಂತ ಕೇಳೇ ಕಾಲಿಡ್ರಿ, ಅದ ಅವ್ರ ಮನಿ. ಚಪ್ಪಲಿ ಹೊರಗ ಬಿಡ್ರಿ, ಕರೇ ಸೋಲ್ ಇದ್ರಂತೂ ಡೆಕ್ ಮ್ಯಾಲೆ ಗೆರಿ ಮೂಡ್ತಾವ.

ಟಾಯ್ಲೆಟ್ ವಿಷಯ ಮಾತ್ರ ನಾಚಿಕಿ ಬಿಟ್ಟು ಮೊದ್ಲ ಕೇಳ್ಕೋರಿ, ಪಂಪ್ ಹೆಂಗ ಹೊಡೀಬೇಕು, ಯಾವ ವಾಲ್ವ್ ತಿರುವಬೇಕು ಅಂತ, ಯಾಕಂದ್ರ ಅಲ್ಲಿ ಪೈಪ್ ಸಾಮಾನ್ಯವಾಗಿ ಒಂದೂವರಿ ಇಂಚಿಂದಷ್ಟ ಇರ್ತದ. ನಾ ಕೇಳದ ಟಿಶ್ಯೂ ಹಾಕಿ ಬ್ಲಾಕ್ ಮಾಡಿದ್ದೆ, ಪಾಪ ಆ ಮಾಲೀಕ್ರು ಅರ್ಧಾ ದಿನಾ ಪೈಪ್ ಬಿಚ್ಕೊಂತ ಕುಂತ್ರು, ಇವತ್ತಿಗೂ ಮನಸಿಗೆ ಕಸಿವಿಸಿ ಆಗ್ತದ.

ಕೈಯಾಗ ಧಾರವಾಡ ಪೇಡಾ ಡಬ್ಬಿ ಇರ್ಲಿ. ಬೋಟಿನ್ಯಾಗ ಫ್ರಿಜ್ ಸಣ್ಣದು, ಬ್ಯಾಟರಿ ಮ್ಯಾಲೆ ನಡೀತದ, ಪೇಡಾ ಆದ್ರ ಹೊರಗ ಇಟ್ರೂ ಎರಡ್ಮೂರ ದಿನಾ ತಡೀತದ. ಬೋಟ್ ರೇಟ್ ಎಷ್ಟ ಅಂತ ಕೇಳೂದಕ್ಕಿಂತ ತಳಕ್ಕ ಪಾಚಿ, ಚಿಪ್ಪು ಹಿಡೀದಂಗ ಯಾವ ಪೇಂಟ್ ಹೊಡೀತೀರಿ, ಜೂನ್‌ನಿಂದ ಸೆಪ್ಟೆಂಬರ್ ಮಳಿಗಾಲದಾಗ ಬೋಟ್ ಎಲ್ಲಿ ಇಡ್ತೀರಿ ಅಂತ ಕೇಳಿ ನೋಡ್ರಿ, ತಾಸುಗಟ್ಟಲೆ ಪ್ರೀತೀಲೆ ಹೇಳ್ತಾರ.